ಸೇಂದಿಖಾನೆ, ಖಾನಾವಳಿ, ಬಾರು

ನಮ್ಮ ಊರುಗಳ ಚರಿತ್ರೆಯನ್ನು ಬರೆಯ ಹೊರಟವರೆಲ್ಲ ಮೊದಲು ಕೋಟೆಯನ್ನು ಹತ್ತುತ್ತಾರೆ. ಯಾದಗಿರಿಯಾದರೆ ಗುಡ್ಡದ ಮೇಲಿನ ಕೋಟೆ. ಶಹಾಪುರವಾದರೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟದ ಸಾಲು. ಸುರಪುರವಾದರೆ ನಾಯಕರ ಅರಮನೆ, 1858ರ ಬಂಡಾಯ. ಇವನ್ನು ಕುರಿತು ಬರೆದದ್ದು ಸಾಕಷ್ಟಿದೆ; ಬರೆಯಬೇಕಾದದ್ದೂ ಇನ್ನೂ ಇದೆ. ಆದರೆ ಕೋಟೆಯಿಂದಿಳಿದು ಪೇಟೆಗೆ ಬಂದ ಮನುಷ್ಯ ಎಲ್ಲಿ ಕುಳಿತು ಉಂಡ, ಎಲ್ಲಿ ಕುಳಿತು ಕುಡಿದ, ಯಾವ ಬಾಗಿಲಲ್ಲಿ ಅವನನ್ನು ತಡೆದರು, ಅವನ ಲೋಟದಿಂದ ಸರಕಾರ ಎಷ್ಟು ಗುಟುಕು ತನ್ನ ಪಾಲೆಂದು ತೆಗೆದುಕೊಂಡಿತು ಎಂಬ ಮಾತನ್ನು ನಮ್ಮ ಚರಿತ್ರಕಾರರು ಎತ್ತುವುದೇ ಇಲ್ಲ. ಶಾಸನ ಹುಡುಕುವವರಿಗೆ ಹೆಂಡದಂಗಡಿ ಲಕ್ಷ್ಯಕ್ಕೆ ಬಾರದಿರುವುದು ಸಹಜವೇ. ಆದರೂ ಈ ಮೂರು ಊರುಗಳ ಮಟ್ಟಿಗೆ ಆ ಅಂಗಡಿಯ ಕಥೆ ಅರಮನೆಯ ಕಥೆಗಿಂತ ಕಡಿಮೆ ಸ್ವಾರಸ್ಯದ್ದಲ್ಲ.

ಈಚೆಗೆ ರಜೆಯಲ್ಲಿ ಮೂರೂ ಊರುಗಳ ಹೋಟೆಲು, ಖಾನಾವಳಿ, ಬಾರುಗಳನ್ನು ಒಂದೊಂದಾಗಿ ನೋಡಿಕೊಂಡು ಬಂದೆ. ಕನ್ನಡದ ಮೇಷ್ಟರು ಬಾರಿನ ಬಾಗಿಲು ದಾಟುವಾಗ ಹಳೆಯ ವಿದ್ಯಾರ್ಥಿ ಎದುರಾದರೆ ಏನು ಗತಿ ಎಂಬ ಅಳುಕು ಇದ್ದೇ ಇತ್ತು. ಎದುರಾದವನೊಬ್ಬ ನನಗಿಂತ ಹೆಚ್ಚು ಅಳುಕಿ ಹಿಂದಿನ ಬಾಗಿಲಿನಿಂದ ಹೊರಟುಹೋದ. ಇರಲಿ. ನೋಡಿದ್ದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಮೂರೂ ಊರುಗಳಲ್ಲಿ ಅದು ಹೆಚ್ಚುಕಡಿಮೆ ಒಂದೇ. ಹಗಲಿನಲ್ಲೂ ಒಳಗೆ ಮಬ್ಬುಗತ್ತಲೆ. ಗೋಡೆಯುದ್ದಕ್ಕೆ ಹಲಗೆಯ ಅಡ್ಡಗಳಿಂದ ಮಾಡಿದ ಗೂಡುಗಳು. ಮೇಲೊಂದು ದೂರದರ್ಶನದ ಪೆಟ್ಟಿಗೆ, ಅದರ ಸದ್ದನ್ನು ಯಾರೂ ಕೇಳುತ್ತಿರುವುದಿಲ್ಲ. ತಟ್ಟೆಯಲ್ಲಿ ಶೇಂಗಾ, ಉಳ್ಳಾಗಡ್ಡಿ, ಆಮ್ಲೆಟ್ಟು, ಕೆಂಪು ಬಣ್ಣ ಹಚ್ಚಿದ ಕಬಾಬು, ಇತ್ತೀಚೆಗೆ ಗೋಬಿ ಮಂಚೂರಿ. ಯಾದಗಿರಿಯ ಬಾರಿನ ಕಬಾಬಿಗೂ ಬೆಂಗಳೂರಿನ ಬಾರಿನ ಕಬಾಬಿಗೂ ರುಚಿಯಲ್ಲಿ ಭೇದವಿಲ್ಲ. ಊರಿನ ರುಚಿ ಬೇಕಾದವರು ಬಾರು ಬಿಟ್ಟು ಪಕ್ಕದ ಖಾನಾವಳಿಗೆ ಹೋಗಬೇಕು. ಅಲ್ಲಿ ಜೋಳದ ರೊಟ್ಟಿಯೊಡನೆ ಪುಂಡಿಪಲ್ಯ, ಶೇಂಗಾ ಹಿಂಡಿ ಸಿಗುತ್ತವೆ. ಈ ಸೀಮೆ ತೊಗರಿಯದಾದ್ದರಿಂದ ಬೇಳೆಯೂ ಗಟ್ಟಿಯಾಗಿಯೇ ಇರುತ್ತದೆ. ಬೆಳಿಗ್ಗೆಯಾದರೆ ಸುಸಲಾ, ಮಿರ್ಚಿ ಭಜಿ. ನನ್ನನ್ನು ಕೇಳಿದರೆ ಈ ಮೂರು ಊರುಗಳಲ್ಲಿ ನಾಲಿಗೆಗೆ ನ್ಯಾಯ ಸಿಗುವುದು ತಗಡಿನ ಮಾಡಿನ ಕೆಳಗೇ ಹೊರತು ಬಣ್ಣದ ದೀಪದ ಕೆಳಗಲ್ಲ.

ಬಾರು ಎಂಬುದು ಇಂಗ್ಲಿಷರ ಪಾನಗೃಹದಲ್ಲಿ ಮಾರುವವನಿಗೂ ಕುಡಿಯುವವನಿಗೂ ನಡುವೆ ಇದ್ದ ಅಡ್ಡಕಟ್ಟೆ. ರೆಸ್ಟೋರೆಂಟು ಎಂಬುದು ಫ್ರೆಂಚರಲ್ಲಿ ಮೊದಲು ಬಳಲಿದವರಿಗೆ ಚೈತನ್ಯ ಕೊಡುವ ಒಂದು ಬಗೆಯ ಸಾರಿನ ಹೆಸರು. ಅಂಗಡಿಗೆ ಆ ಹೆಸರು ಬಂದದ್ದು ಆಮೇಲೆ. ಅಡ್ಡಕಟ್ಟೆಯೂ ಸಾರೂ ಕೂಡಿ ನಮ್ಮ ಬಸ್ ನಿಲ್ದಾಣಗಳ ಎದುರು ಬಂದು ನಿಂತಿರುವುದು ವಿನೋದದ ಸಂಗತಿ. ಆದರೆ ಇಲ್ಲಿನ ಬಾರಿನ ನಿಜವಾದ ಹೆಸರು ಇವೆರಡೂ ಅಲ್ಲ. ಫಲಕದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಿಎಲ್-9 ಎಂದು ಬರೆದಿರುತ್ತದೆ. ಅದೇ ಅದರ ಜಾತಕ. ಕೂಡಿಸಿ ಕುಡಿಸುವ ಬಾರಿಗೆ ಸಿಎಲ್-9, ವಸತಿಗೃಹದ ಬಾರಿಗೆ ಸಿಎಲ್-7, ಕಟ್ಟಿಕೊಟ್ಟು ಕಳಿಸುವ ಅಂಗಡಿಗೆ ಸಿಎಲ್-2. ಕುಡಿಯುವವನ ಆಸೆಯಿಂದ ಈ ಅಂಗಡಿಗಳು ಹುಟ್ಟಿದವೆಂದು ನಾವು ತಿಳಿಯುತ್ತೇವೆ. ಚರಿತ್ರೆಯನ್ನು ನೋಡಿದರೆ ಆಸೆ ಎಂದಿನಿಂದಲೂ ಅಷ್ಟೇ ಇದೆ. ಬದಲಾದದ್ದೆಲ್ಲ ಸರಕಾರದ ಕಾಗದ. ಕಾಗದ ಬದಲಾದಂತೆ ಅಂಗಡಿಯ ರೂಪ ಬದಲಾಯಿತು. ಪ್ರತಿ ಬದಲಾವಣೆಯಲ್ಲೂ ಕುಳಿತುಕೊಳ್ಳಲು ಜಾಗ ಕಳೆದುಕೊಂಡವನು ಬಡವ.

ಕುಡಿತ ನಮ್ಮ ಸೀಮೆಗೆ ಪರದೇಶದಿಂದ ಬಂದದ್ದಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸ ಅರಸರ ಅನ್ನಭೋಗ ಪಾನೀಯಭೋಗಗಳನ್ನು ವಿವರಿಸುವುದಷ್ಟೇ ಅಲ್ಲ, ಮದಿರಾಪಾನವನ್ನೂ ಒಂದು ಕ್ರೀಡೆಯೆಂದು ವರ್ಣಿಸುತ್ತದೆ. ಅದೇ 12ನೆಯ ಶತಮಾನದಲ್ಲಿ ಅದೇ ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರನಿದ್ದ. ಹೆಂಡ ಮಾರುವುದು ಅವನ ಕಾಯಕ. ಸುರಪುರ ಸೀಮೆಯ ಮುದನೂರಿನ ದಾಸಿಮಯ್ಯನನ್ನೂ ಕೆಂಭಾವಿಯ ಭೋಗಣ್ಣನನ್ನೂ ಪಾಠ ಹೇಳುವ ನಾವು ಮಾರಯ್ಯನ ಹೆಸರನ್ನು ತರಗತಿಯಲ್ಲಿ ಬೇಗ ದಾಟಿಸಿಬಿಡುತ್ತೇವೆ. ಹೆಂಡ ಮಾರುವವನು ಶರಣರ ಸಾಲಿನಲ್ಲಿ ಕುಳಿತ ಎಂಬುದು ದಾಟಿಸಬೇಕಾದ ಸಂಗತಿಯಲ್ಲ. ಆಮೇಲಿನ ಎಂಟುನೂರು ವರ್ಷ ಅಂಥವನಿಗೆ ಅಷ್ಟು ಗೌರವದ ಜಾಗ ಮತ್ತೆ ದೊರೆಯಲಿಲ್ಲ.

ಇದಕ್ಕೆ ವಿರುದ್ಧವಾಗಿ, ಅನ್ನ ಮಾರುವುದು ಬಹುಕಾಲ ನಾಚಿಕೆಯ ಕೆಲಸವಾಗಿತ್ತು. ಹಸಿದು ಬಂದವನಿಗೆ ಮಠದ ದಾಸೋಹ, ಛತ್ರ, ಮುಸಾಫರಖಾನೆ, ಇಲ್ಲವೆ ಬಂಧುಗಳ ಮನೆ. 1822ರಲ್ಲಿ ಲಿಂಗೈಕ್ಯರಾದ ಕಲಬುರಗಿಯ ಶರಣಬಸವೇಶ್ವರರ ಕೀರ್ತಿಯೆಲ್ಲ ದಾಸೋಹದಿಂದಲೇ ಬಂದದ್ದು. ಹೆಂಡವನ್ನು ಹಣಕ್ಕೆ ಕೊಡಬಹುದು, ಅನ್ನವನ್ನು ಕೊಡಬಾರದು ಎಂಬ ಈ ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ ನಮ್ಮ ಊರುಗಳಲ್ಲಿ ಹೆಂಡದಂಗಡಿ ಮೊದಲು ಬಂದು ಊಟದಂಗಡಿ ಬಹಳ ತಡವಾಗಿ ಏಕೆ ಬಂತೆಂಬುದು ತಿಳಿಯುತ್ತದೆ.

ಇಲ್ಲಿ ಒಂದು ಹಳೆಯ ಪ್ರಸಂಗವನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಔರಂಗಜೇಬ ಕುಡಿತವನ್ನು ನಿಷೇಧಿಸಿದ ಬಾದಶಹ. ಇಡೀ ಹಿಂದುಸ್ತಾನದಲ್ಲಿ ಕುಡಿಯದವರು ಇಬ್ಬರೇ, ನಾನು ಮತ್ತು ನನ್ನ ಮುಖ್ಯ ಕಾಜಿ, ಎಂದು ಅವನು ಕೋಪದಿಂದ ಹೇಳಿದನೆಂದು ವೆನಿಸಿನ ಪ್ರವಾಸಿ ಮನುಚ್ಚಿ ಬರೆದಿದ್ದಾನೆ. ಕಾಜಿಯ ವಿಷಯದಲ್ಲಿ ಬಾದಶಹರು ತಪ್ಪು ತಿಳಿದಿದ್ದರು, ಅವನಿಗೆ ದಿನವೂ ಸೀಸೆ ಕಳಿಸುತ್ತಿದ್ದವನು ನಾನೇ, ಎಂದೂ ಸೇರಿಸಿದ್ದಾನೆ. ಮನುಚ್ಚಿಯ ಮಾತನ್ನೆಲ್ಲ ಅಕ್ಷರಶಃ ನಂಬಬೇಕಾದ್ದಿಲ್ಲ. ಆದರೆ ಆ ಬಾದಶಹನ ಕೊನೆಯ ದೊಡ್ಡ ಮುತ್ತಿಗೆ ನಡೆದದ್ದು 1705ರಲ್ಲಿ ಸುರಪುರದ ಪಕ್ಕದ ವಾಗಿಣಗೇರಿಯಲ್ಲಿ, ಬೇಡ ನಾಯಕ ಪಿಡ್ಡನಾಯಕನ ಮೇಲೆ. ಮೊಗಲ್ ದಂಡು ಎಂದರೆ ನಡೆದಾಡುವ ಪಟ್ಟಣ, ಅದರ ಹಿಂದೆ ನಡೆದಾಡುವ ಬಜಾರು. ನಿಷೇಧದ ಆಜ್ಞೆ ಹೊರಡಿಸಿದವನ ಡೇರೆಯ ಸುತ್ತಲೇ ಆಜ್ಞೆ ಎಷ್ಟು ನಡೆಯುತ್ತಿತ್ತೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ಇನ್ನು ಸೇಂದಿಗೆ ಬರೋಣ. ಹಳೇ ಮೈಸೂರಿನ ಕಡೆ ಹೆಂಡ, ಪಡಖಾನೆ ಎಂಬ ಮಾತುಗಳು, ಜಿ. ಪಿ. ರಾಜರತ್ನಂ ಅವರ ರತ್ನನನ್ನು ನಾವೆಲ್ಲ ಬಲ್ಲೆವು. ನಮ್ಮ ಕಡೆ ಸೇಂದಿ ಅಥವಾ ಸಿಂದಿ. ಹಳ್ಳದ ದಂಡೆಯ ಈಚಲು ಮರದಿಂದ ಇಳಿಸುವುದು. ಚಳಿ ಬಂದಾಗ ಮರದ ತಲೆಯ ಕೆಳಗೆ ಕೆತ್ತಿ, ಸಂಜೆ ಗಡಿಗೆ ಕಟ್ಟಿ, ಬೆಳಗಾಗುವ ಮುಂಚೆ ಇಳಿಸಿದರೆ ಅದು ಸಿಹಿ ನೀರಾ. ಬಿಸಿಲೇರಿದರೆ ಹುಳಿಯಾಗಿ ನೊರೆಗಟ್ಟಿ ಸೇಂದಿಯಾಗುತ್ತದೆ. ಒಂದು ವರ್ಷ ಎಡಕ್ಕೆ ಕೆತ್ತಿದರೆ ಮರು ವರ್ಷ ಬಲಕ್ಕೆ. ಹಾಗೆ ಕಚ್ಚುಬಿದ್ದ ಮರ ಅಂಕುಡೊಂಕಾಗಿ ಏಣಿಯಂತೆ ಕಾಣುತ್ತದೆ. ಕಚ್ಚುಗಳನ್ನು ಎಣಿಸಿದರೆ ಎಷ್ಟು ವರ್ಷ ಇಳಿಸಿದ್ದಾರೆಂದು ತಿಳಿಯುತ್ತದೆ. ಇದು ಈಡಿಗರ ಕಸುಬು. ಮರ ಬಲ್ಲವನಿಗೆ ಮಾತ್ರ ಒಗ್ಗುವಂಥದು, ಬಿದ್ದರೆ ಬದುಕುವ ಭರವಸೆಯಿಲ್ಲದ್ದು. ಸೇಂದಿ ಹೆಚ್ಚು ಹೊತ್ತು ಕೆಡದೆ ಇರದಾದ್ದರಿಂದ ದೂರಕ್ಕೆ ಒಯ್ಯಲಾಗದು. ಮರದ ಹತ್ತಿರವೇ ಅಂಗಡಿ, ಅಂಗಡಿಯ ಹತ್ತಿರವೇ ಕುಡಿಯುವವರು. ಒಂದು ಚಪ್ಪರ, ಒಂದು ಬೇವಿನ ಮರ, ಸುತ್ತ ನೆಲ. ಗುಗ್ಗರಿ, ಖಾರದ ಚಟ್ನಿ, ಭಜಿ ಹೊತ್ತು ತಂದು ಮಾರುವ ಹೆಂಗಸರು. ಹಿರಿಯರು ನೆನೆಯುವ ಸೇಂದಿಖಾನೆ ಇದೇ. ಅಲ್ಲಿ ಜಾತಿಯಿರಲಿಲ್ಲ ಎಂದು ಕೆಲವರು ಹೇಳುವುದುಂಟು. ಅದು ಹಂಬಲದ ಮಾತು. ನೆಲ ಒಂದೇ ಆಗಿದ್ದರೂ ಗುಂಪುಗಳು ಬೇರೆ ಬೇರೆ ಕೂಡುತ್ತಿದ್ದವು. ಆದರೆ ಎಲ್ಲರೂ ಕೂಡಲಿಕ್ಕೆ ನೆಲವಿತ್ತು ಎಂಬ ಮಾತು ನಿಜ.

ಈ ಚಪ್ಪರಕ್ಕೂ ಖಜಾನೆಗೂ ಗಂಟು ಬಿದ್ದದ್ದು ಆಬ್ಕಾರಿಯಿಂದ. ಪಾರಸಿಯಲ್ಲಿ ಆಬ್ ಎಂದರೆ ನೀರು; ಆಬ್ಕಾರಿ ಎಂದರೆ ನೀರಿನ ಕೆಲಸ, ಅಂದರೆ ಭಟ್ಟಿ ಇಳಿಸುವ ಉದ್ಯೋಗ. ಉದ್ಯೋಗದ ಹೆಸರು ಕ್ರಮೇಣ ತೆರಿಗೆಯ ಹೆಸರಾಯಿತು. ಮುಂಬಯಿ ಸರಕಾರ 1878ರ ಆಬ್ಕಾರಿ ಕಾಯಿದೆಯಿಂದ ಊರೂರ ಭಟ್ಟಿಗಳನ್ನು ಮುಚ್ಚಿಸಿ ದೊಡ್ಡ ಭಟ್ಟಿಗಳಲ್ಲಿ ಮಾತ್ರ ಸಾರಾಯಿ ಇಳಿಸುವ ಪದ್ಧತಿಯನ್ನು ಗಟ್ಟಿಮಾಡಿತು. ಎಣಿಸಲು ಸುಲಭ, ವಸೂಲಿಗೂ ಸುಲಭ. ಹೈದರಾಬಾದು ಸಂಸ್ಥಾನವೂ ಅದೇ ದಾರಿ ಹಿಡಿಯಿತು. ರಾಜಧಾನಿಯ ನಾರಾಯಣಗುಡಾದ ಭಟ್ಟಿಯಲ್ಲಿ ಇಪ್ಪೆಹೂವಿನ ಸಾರಾಯಿ. ಹಳ್ಳಿಗಳಲ್ಲಿ ಸೇಂದಿ ಮರಗಳ ಹರಾಜು. ನಿಜಾಮರ ಬೊಕ್ಕಸಕ್ಕೆ ಭೂಕಂದಾಯದ ಜೊತೆಗೆ ದೊಡ್ಡ ಆಧಾರವಾಗಿ ನಿಂತದ್ದು ಈ ಆಬ್ಕಾರಿ. ಹರಾಜಿನಲ್ಲಿ ಗುತ್ತೆ ಹಿಡಿದವನನ್ನು ಉರ್ದುವಿನಲ್ಲಿ ಮುಸ್ತಾಜಿರ ಎಂದರು, ಜನ ಗುತ್ತೇದಾರ ಎಂದರು. ಇಂದಿಗೂ ಕಲಬುರಗಿ, ಯಾದಗಿರಿ ಕಡೆಯ ಅನೇಕ ಈಡಿಗ ಮನೆತನಗಳಿಗೆ ಗುತ್ತೇದಾರ ಎಂಬುದೇ ಅಡ್ಡಹೆಸರು. ಆಬ್ಕಾರಿ ದಫ್ತರದ ಹರಾಜು ಹೀಗೆ ಮನುಷ್ಯರ ಹೆಸರಿನಲ್ಲಿ ಉಳಿದುಕೊಂಡಿದೆ. ಮರ ಹತ್ತುವವನೂ ಈಡಿಗನೇ, ಗುತ್ತೆ ಹಿಡಿದವನೂ ಈಡಿಗನೇ ಆದಲ್ಲಿ ಕೂಡ ಇಬ್ಬರ ಬಾಳೂ ಒಂದೇ ಆಗಿರಲಿಲ್ಲವೆಂಬುದನ್ನು ಮರೆಯಬಾರದು.

ಯಾದಗಿರಿಗೆ ಉಗಿಬಂಡಿ ಬಂದದ್ದು ಅಂಗಡಿಗಳ ಕಥೆಯಲ್ಲಿ ಎರಡನೆಯ ತಿರುವು. ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಆ ದಾರಿಯಲ್ಲಿ ಯಾದಗಿರಿ ಒಂದು ನಿಲ್ದಾಣ. ಶಹಾಪುರ, ಸುರಪುರಗಳಿಗೆ ರೈಲು ಬರಲಿಲ್ಲ. ಆ ಊರುಗಳ ವ್ಯಾಪಾರಿ, ವಕೀಲ, ಮದುವೆಯ ದಿಬ್ಬಣ ಎಲ್ಲರೂ ಬಂಡಿಗಾಗಿ ಯಾದಗಿರಿಯಲ್ಲಿ ಕಾಯಬೇಕು. ಕಾಯುವವನಿಗೆ ಚಹಾ ಬೇಕು. 1903ರ ಚಹಾ ಕರದ ಕಾಯಿದೆಯಿಂದ ಕೂಡಿದ ಹಣದಲ್ಲಿ ಚಹಾದ ಪ್ರಚಾರ ರೈಲು ನಿಲ್ದಾಣಗಳನ್ನೇ ಹಿಡಿದು ದೇಶದ ತುಂಬ ಹರಡಿತು. ನಮ್ಮಲ್ಲಿ ಅದಕ್ಕೆ ಹೈದರಾಬಾದಿನ ಇರಾನಿ ಹೋಟೆಲುಗಳ ಗಾಳಿಯೂ ಸೇರಿತು: ಹಾಲಿನಲ್ಲಿ ಕುದಿಸಿ ಇಳಿಸಿದ ಗಟ್ಟಿ ಚಹಾ, ಉಸ್ಮಾನಿಯಾ ಬಿಸ್ಕತ್ತು, ತಟ್ಟೆಗೆ ಸುರಿದು ಊದಿ ಕುಡಿಯುವ ಅಭ್ಯಾಸ. ಕರಾವಳಿಯಿಂದ ಉಡುಪಿಯವರು ಕಾಫಿ, ಇಡ್ಲಿಗಳೊಡನೆ ಬಂದದ್ದು ಇನ್ನೂ ಈಚೆಗೆ. ಕಚೇರಿ, ಶಾಲೆ, ಸಂತೆಗಳಿಗೆ ಬರುವ ಪರಸ್ಥಳದವರಿಗಾಗಿ ಖಾನಾವಳಿಗಳು ಹುಟ್ಟಿದವು. ಮರಾಠಿಯಿಂದ ಬಂದ ಈ ಹೆಸರಿನ ಮನೆಗಳಲ್ಲಿ ಅನೇಕವನ್ನು ನಡೆಸಿದವರು ಗಂಡನನ್ನು ಕಳೆದುಕೊಂಡ ಹೆಂಗಸರು. ರೊಟ್ಟಿ ಬಡಿಯುವ ಕೈಯೊಂದೇ ಬಂಡವಾಳ. ಅನ್ನ ಮಾರುವ ನಾಚಿಕೆಯನ್ನು ಮೊದಲು ಮೀರಿದವರು, ಹಾಗೆ ಮೀರದೆ ಗತಿಯಿಲ್ಲದವರು.

ಆದರೆ ಈ ಹೋಟೆಲು, ಖಾನಾವಳಿಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಖಾನಾವಳಿ ಎಂದರೆ ಇಂಥ ಜಾತಿಯ ಖಾನಾವಳಿಯೆಂದೇ ಅರ್ಥ. ಚಹಾದಂಗಡಿಯಲ್ಲಿ ದಲಿತರಿಗೆ ಹೊರಗೆ ಜಾಗ, ಬೇರೆ ಬಟ್ಟಲು, ಕುಡಿದ ಮೇಲೆ ತಾವೇ ತೊಳೆದಿಡಬೇಕು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿ, ಹೋಟೆಲು, ಉಪಾಹಾರಗೃಹಗಳ ಹೆಸರನ್ನೇ ಎತ್ತಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಬಾರದೆಂದಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಅದಕ್ಕೆ ಶಿಕ್ಷೆಯನ್ನೂ ಇಟ್ಟಿತು. ಚಹಾದ ಬಟ್ಟಲು ಗಣರಾಜ್ಯದ ಮೂಲ ಶಾಸನದವರೆಗೆ ಏರಿತೆಂದರೆ ಅದರಲ್ಲಿ ಎಷ್ಟು ಕಹಿ ಇದ್ದಿರಬೇಕು! ಕಾಯಿದೆಯಾದ ಮೇಲೆಯೂ ಬೇರೆ ಬಟ್ಟಲಿನ ಸುದ್ದಿ ಹಳ್ಳಿಗಳಿಂದ ಬರುವುದು ನಿಂತಿಲ್ಲ. ಅದೇ ಸಂವಿಧಾನದ 47ನೆಯ ವಿಧಿ ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯಗಳು ಯತ್ನಿಸಬೇಕೆಂದು ಹೇಳಿತು. ಊಟದಂಗಡಿಯ ಬಾಗಿಲನ್ನು ತೆರೆಯಬೇಕು, ಹೆಂಡದಂಗಡಿಯ ಬಾಗಿಲನ್ನು ಮುಚ್ಚಬೇಕು. ಮೊದಲನೆಯದಕ್ಕೆ ನ್ಯಾಯಾಲಯದ ಬಲವಿತ್ತು, ಎರಡನೆಯದು ನಿರ್ದೇಶವಾಗಿ ಮಾತ್ರ ಉಳಿಯಿತು.

ಹೆಂಡದಂಗಡಿಯನ್ನು ಮುಚ್ಚಬೇಕೆಂಬ ಹಟ ಸ್ವಾತಂತ್ರ್ಯದ ಹೋರಾಟದೊಳಗೇ ಬೆಳೆದದ್ದು. ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು; ಎಸ್. ನಿಜಲಿಂಗಪ್ಪನವರು ಅದರಲ್ಲಿ ಪಾಲ್ಗೊಂಡವರು. ನಮ್ಮ ಸೀಮೆಯಲ್ಲಿ ಅದು ನಡೆದದ್ದು 1947-48ರಲ್ಲಿ. ಹೈದರಾಬಾದು ಸಂಸ್ಥಾನ ಭಾರತದಲ್ಲಿ ಸೇರಬೇಕೆಂದು ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ ಸ್ಟೇಟ್ ಕಾಂಗ್ರೆಸ್ಸು ಚಳವಳಿ ಹೂಡಿದಾಗ ಸೇಂದಿ ಮರಗಳನ್ನು ಕಡಿಯುವುದು ಒಂದು ಮುಖ್ಯ ಕಾರ್ಯಕ್ರಮವಾಯಿತು. ಅದರಲ್ಲಿ ಎರಡು ಉದ್ದೇಶ. ಕುಡಿತ ಬಿಡಿಸುವುದು ಒಂದು. ನಿಜಾಮರ ಖಜಾನೆಗೆ ಹೋಗುವ ಕಾಲುವೆಯನ್ನು ಕಡಿಯುವುದು ಇನ್ನೊಂದು. ಮರ ಕಡಿದವರಿಗೆ ಅದು ದೇಶಸೇವೆ. ಮರದ ಒಡೆಯ ಸರಕಾರವೇ ಆಗಿದ್ದರೂ ಮರವನ್ನು ನಂಬಿ ಬದುಕಿದವನು ಈಡಿಗ. ಚಳವಳಿಯ ಕಥನಗಳಲ್ಲಿ ಕೊಡಲಿ ಹಿಡಿದವರ ಹೆಸರುಗಳಿವೆ. ಬೆಳಗಾಗೆದ್ದು ಗಡಿಗೆ ಹಿಡಿದು ಹಳ್ಳಕ್ಕೆ ಹೋಗಿ, ಉರುಳಿದ ಮರವನ್ನು ನೋಡಿ ನಿಂತವನ ಹೆಸರಿಲ್ಲ. ಹೋರಾಟದ ಹಿರಿಮೆಯನ್ನು ಕುಗ್ಗಿಸಲು ಇದನ್ನು ಹೇಳುತ್ತಿಲ್ಲ. ಹಾಳೆಯ ಮಗ್ಗುಲನ್ನೂ ಓದಬೇಕೆಂದು ಹೇಳುತ್ತಿದ್ದೇನೆ.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾಯಿತು, ನಿಜಾಮಶಾಹಿ ಹೋಯಿತು, ಆಬ್ಕಾರಿ ಉಳಿಯಿತು. ಇಲ್ಲಿಂದ ಮುಂದಿನ ಸ್ವಾರಸ್ಯವೆಲ್ಲ ಗಡಿಯದು. ಮದರಾಸು ಪ್ರಾಂತ 1937ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭಿಸಿದ ಪಾನನಿಷೇಧವನ್ನು 1948ರ ಹೊತ್ತಿಗೆ ಎಲ್ಲೆಡೆ ತಂದಿತ್ತು. ಹೀಗೆ ಬಳ್ಳಾರಿ ಒಣ ಜಿಲ್ಲೆಯಾಯಿತು. ಮುಂಬಯಿ 1949ರಲ್ಲಿ ಕಾಯಿದೆ ಮಾಡಿ 1950ರಲ್ಲಿ ಪೂರ್ಣ ನಿಷೇಧ ತಂದಿತು, ಬಿಜಾಪುರ ಒಣಗಿತು. ಹೈದರಾಬಾದು ಮಾತ್ರ ಹಸಿಯಾಗಿ ಉಳಿಯಿತು. ಭೂಪಟವನ್ನು ನೋಡಿ: ಸುರಪುರ ತಾಲೂಕಿನ ಪಶ್ಚಿಮದ ಅಂಚು ದಾಟಿದರೆ ಬಿಜಾಪುರ ಜಿಲ್ಲೆ. ಹುಣಸಗಿಯಲ್ಲಿ ಕುಡಿದರೆ ಗಿರಾಕಿ, ತಾಳಿಕೋಟೆಯಲ್ಲಿ ಕುಡಿದರೆ ಅಪರಾಧಿ. ಭಾಷೆ ಒಂದು, ಬೀಗತನ ಒಂದು, ಸಂತೆ ಒಂದು. ಗಂಟಲಿಗೆ ಮಾತ್ರ ಎರಡು ಕಾನೂನು. ಇಂಥ ಗಡಿ ಇದ್ದಲ್ಲಿ ಹಸಿ ಕಡೆಯ ಅಂಚಿನ ಅಂಗಡಿ ಬೆಳೆಯುವುದೂ, ಒಣ ಕಡೆ ಕಳ್ಳಭಟ್ಟಿ ಹೊಗೆಯಾಡುವುದೂ ಲೋಕದ ನಿಯಮ. ಅಮೆರಿಕದವರು 1920ರಿಂದ 1933ರವರೆಗೆ ಅದೇ ಪಾಠವನ್ನು ದೊಡ್ಡ ಪ್ರಮಾಣದಲ್ಲಿ ಕಲಿತಿದ್ದರು.

1956ರ ನವೆಂಬರ್ 1ರಂದು ಈ ಪ್ರದೇಶಗಳೆಲ್ಲ ಒಂದೇ ರಾಜ್ಯವಾದವು. ನಾಡು ಒಂದಾಯಿತು, ನಿಷೇಧ ಒಂದಾಗಲಿಲ್ಲ. ಬಿಜಾಪುರ, ಧಾರವಾಡಗಳು ಒಣ, ಕಲಬುರಗಿ, ರಾಯಚೂರುಗಳು ಹಸಿ. ಏಕೀಕರಣಕ್ಕಾಗಿ ದುಡಿದವರು ಆಡಳಿತ, ಶಿಕ್ಷಣ, ಭಾಷೆಗಳಲ್ಲಿ ಇದ್ದ ಒಡಕುಗಳ ಬಗೆಗೆ ಬಹಳ ಬರೆದಿದ್ದಾರೆ. ಈ ಒಡಕಿನ ಬಗೆಗೆ ಬರೆದದ್ದು ಕಡಿಮೆ. ಕೊನೆಗೆ 1967ರಲ್ಲಿ ನಿಷೇಧವನ್ನು ತೆಗೆದು ರಾಜ್ಯವನ್ನೆಲ್ಲ ಒಂದೇ ಸಮನಾಗಿ ಹಸಿ ಮಾಡಲಾಯಿತು. ಆಗ ಮುಖ್ಯಮಂತ್ರಿಗಳಾಗಿದ್ದವರು ಈಚಲು ಮರ ಸತ್ಯಾಗ್ರಹದ ಅದೇ ನಿಜಲಿಂಗಪ್ಪನವರು. ಇದನ್ನು ವ್ಯಂಗ್ಯಕ್ಕಾಗಿ ಹೇಳುವವರು ಹೇಳಲಿ. ಮುರಿದ ಸರಕಾರಿ ಲೆಕ್ಕವನ್ನು ಕೂಡಿಸಲು ಕುಳಿತವನಿಗೆ ಆಬ್ಕಾರಿಯ ಸಾಲು ಹೇಗೆ ಕಾಣುತ್ತದೆಂಬುದು ಮರ ಕಡಿಯುವಾಗ ಗೊತ್ತಿರುವುದಿಲ್ಲ.

ಆಮೇಲಿನದು ಸಾರಾಯಿಯ ಕಾಲ. ಸೇಂದಿಯ ಚಪ್ಪರದ ಪಕ್ಕದಲ್ಲಿ ಸಾರಾಯಿ ಅಂಗಡಿ, ಮೊದಲು ಸೀಸೆಯಲ್ಲಿ, ಆಮೇಲೆ ಪೊಟ್ಟಣದಲ್ಲಿ. ಗುತ್ತಿಗೆದಾರರು ರಾಜಕೀಯದ ಬೆನ್ನೆಲುಬಾದರು. ಸಾರಾಯಿ ಸೀಸೆ ತುಂಬುವ ಗುತ್ತಿಗೆಯ ಬಗೆಗೆ ಹೈಕೋರ್ಟು ಸರಕಾರವನ್ನು ಟೀಕಿಸಿದ್ದರಿಂದ 1986ರ ಫೆಬ್ರವರಿಯಲ್ಲಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಟ್ಟು ಮೂರೇ ದಿನಗಳಲ್ಲಿ ಹಿಂತೆಗೆದುಕೊಂಡ ಪ್ರಸಂಗ ಹಿರಿಯ ವಾಚಕರಿಗೆ ನೆನಪಿರಬಹುದು. ಆ ಹೊತ್ತಿಗೆ ಶಹಾಪುರದ ಮುಖವೂ ಬದಲಾಗಿತ್ತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ದೊಡ್ಡ ವಸಾಹತು ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಬೆಳೆಯಿತು. ಎಂಜಿನಿಯರುಗಳು, ಗುತ್ತಿಗೆದಾರರು, ಕೂಲಿಗಳು. ಕಾಲುವೆಯಲ್ಲಿ ನೀರು ಹರಿದ ಮೇಲೆ ನೆಲ ಕೊಂಡು ಕ್ಯಾಂಪು ಕಟ್ಟಿದ ಆಂಧ್ರದ ರೈತರು. ಇವರೊಂದಿಗೆ ಕ್ಯಾಂಟೀನು, ಆಂಧ್ರ ಮೆಸ್ಸು, ಕೋಳಿ ಸಾರು, ಬಾರು. ಜೋಳ ಉಣ್ಣುವ ಸೀಮೆಯಲ್ಲಿ ಊಟವೆಂದರೆ ಅನ್ನ ಎಂಬ ರೂಢಿ ಹೋಟೆಲುಗಳಲ್ಲಿ ನೆಲೆಗೊಂಡದ್ದು ಈ ಕಾಲುವೆಯ ನೀರಿನಿಂದ. ಶಹಾಪುರದಲ್ಲಿ ಇಂದು ಮ್ಯಾಂಚ್ಯೆಸ್ಟರಿನಷ್ಟು ಗದ್ದಲವಿಲ್ಲದಿದ್ದರೂ ರಾತ್ರಿ ಹತ್ತಕ್ಕೂ ಬಿಸಿ ಊಟ ಸಿಗುತ್ತದೆ. ಸುರಪುರದಲ್ಲಿ ಆ ಹೊತ್ತಿಗೆ ಗುಡ್ಡದ ಮೇಲೆ ಟೇಲರ್ ಸಾಹೇಬನ ಬಂಗಲೆಯಂತೆ ಪೇಟೆಯೂ ಮೌನ.

ಇನ್ನು ಕೊನೆಯ ಎರಡು ಕಾಗದಗಳು. 2004ರಲ್ಲಿ ಕರಾವಳಿಯನ್ನು ಬಿಟ್ಟು ರಾಜ್ಯದ ಉಳಿದ ಭಾಗಗಳಲ್ಲಿ ಸೇಂದಿ ನಿಷೇಧವಾಯಿತು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕಲಬೆರಕೆಯ ಸಾವುಗಳು ಕಣ್ಣ ಮುಂದಿದ್ದವು. 1981ರಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿಗೆ 300ಕ್ಕೂ ಹೆಚ್ಚು ಜನ ಬಲಿಯಾಗಿದ್ದರು. ಉದ್ದೇಶವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಾರಾಯಿ ನಿಂತ ಮರುವರ್ಷವೇ, 2008ರ ಮೇ ತಿಂಗಳಿನಲ್ಲಿ, ಬೆಂಗಳೂರು, ಕೋಲಾರದ ಸುತ್ತ ಕಳ್ಳಭಟ್ಟಿಗೆ ಮತ್ತೆ 100ಕ್ಕೂ ಹೆಚ್ಚು ಜನ ಸತ್ತರು. ನಿಷೇಧವಾದದ್ದು ಕುಡಿತವಲ್ಲ, ಎರಡು ಅಗ್ಗದ ಕುಡಿತಗಳು ಮತ್ತು ಅವನ್ನು ಕುಳಿತು ಕುಡಿಯುವ ಜಾಗ. ಉಳಿದದ್ದು ವಿಸ್ಕಿ, ರಮ್ಮು, ಬೀರು. ಅದರ ಸಗಟು ವ್ಯಾಪಾರ 2003ರಲ್ಲಿ ಹುಟ್ಟಿದ ಸರಕಾರಿ ನಿಗಮದ ಕೈಯಲ್ಲಿ. ಬಾರಿನವನು ಕೂಡಿಸಿದ್ದಕ್ಕಾಗಿ ಹೆಚ್ಚು ಬೆಲೆ ತೆಗೆದುಕೊಳ್ಳಬಹುದು. ಕಟ್ಟಿಕೊಡುವ ಅಂಗಡಿಯವನು ಮುದ್ರಿತ ಬೆಲೆಗೆ ಮಾರಬೇಕು, ಆದರೆ ಅಲ್ಲಿ ಕೂಡಿಸುವಂತಿಲ್ಲ. ಕೂಲಿಯವನು ಏನು ಮಾಡುತ್ತಾನೆ? ಕಿಟಕಿಯಲ್ಲಿ ಕೈಹಾಕಿ 90 ಮಿಲಿಲೀಟರಿನ ಪೊಟ್ಟಣ ಕೊಳ್ಳುತ್ತಾನೆ, ಪಕ್ಕದ ಗಲ್ಲಿಯಲ್ಲಿ ನಿಂತು, ಇಲ್ಲವೆ ಹೊಲದ ಬದುವಿನಲ್ಲಿ ಕೂತು ಒಂದೇ ಗುಟುಕಿಗೆ ಮುಗಿಸುತ್ತಾನೆ. ಜೊತೆಗೆ ಗುಗ್ಗರಿಯಿಲ್ಲ, ಮಾತಿಲ್ಲ. ಸೇಂದಿಯಲ್ಲಿದ್ದ ಅಮಲು ನೂರಕ್ಕೆ ನಾಲ್ಕೈದು. ಈ ಪೊಟ್ಟಣದ್ದು ನಲವತ್ತರ ಮೇಲೆ. ಸಂಜೆಯೆಲ್ಲ ಹಿಡಿಯುತ್ತಿದ್ದ ಕೆಲಸ ಐದು ನಿಮಿಷಕ್ಕೆ ಇಳಿಯಿತು. ಇದನ್ನು ನಾನು ಸುರಪುರದಲ್ಲೂ ಶಹಾಪುರದಲ್ಲೂ ಕಣ್ಣಾರೆ ಕಂಡೆ.

ಯಾದಗಿರಿ 2010ರಲ್ಲಿ ಜಿಲ್ಲೆಯಾಯಿತು. ಜಿಲ್ಲೆಯೆಂದ ಮೇಲೆ ಕಚೇರಿಗಳು, ಕಚೇರಿಗೆ ಬರುವವರಿಗೆ ವಸತಿಗೃಹಗಳು, ವಸತಿಗೃಹಗಳಿಗೆ ಸಿಎಲ್-7. ಹೊಸ ಸಿಎಲ್-2, ಸಿಎಲ್-9 ಲೈಸೆನ್ಸುಗಳನ್ನು ಸರಕಾರ 1992ರಿಂದ ನಿಲ್ಲಿಸಿದ್ದರಿಂದ ಇದ್ದ ಲೈಸೆನ್ಸೇ ಆಸ್ತಿಯಾಗಿ ಬೆಲೆ ಏರಿತು. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಕೂಡದೆಂದು ಸುಪ್ರೀಂ ಕೋರ್ಟು 2016ರ ಡಿಸೆಂಬರಿನಲ್ಲಿ ಹೇಳಿದಾಗ, ಊರ ನಡುವೆಯೇ ಹೆದ್ದಾರಿ ಹಾಯ್ದ ಪೇಟೆಗಳ ಬಾರುಗಳಿಗೆಲ್ಲ ಗಡಗಡ ನಡುಕ ಹುಟ್ಟಿತ್ತು. ಮರುವರ್ಷ ನಗರಸಭೆ, ಪುರಸಭೆಗಳ ಎಲ್ಲೆಯೊಳಗಿನ ಅಂಗಡಿಗಳಿಗೆ ಅದು ಅನ್ವಯಿಸದೆಂದು ಸ್ಪಷ್ಟವಾದ ಮೇಲೆ ದೀಪಗಳು ಮತ್ತೆ ಹೊತ್ತಿಕೊಂಡವು. ರಾಜ್ಯ ಸರಕಾರ 2025-26ರ ಆಯವ್ಯಯದಲ್ಲಿ ಆಬ್ಕಾರಿಯಿಂದ ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ನಿಜಾಮರ ಮುಸ್ತಾಜಿರರು ಕನಸಿನಲ್ಲೂ ಕಾಣದ ಅಂಕಿ.

ಈ ಲೆಕ್ಕದ ಎದುರು ಇನ್ನೊಂದು ಲೆಕ್ಕವಿದೆ, ಅದನ್ನು ಇಡುವವರು ಹೆಂಗಸರು. ಪಟ್ಟಣದ ಅಂಗಡಿಯಿಂದ ಪೆಟ್ಟಿಗೆಗಟ್ಟಲೆ ಒಯ್ದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಹೋಟೆಲಿನ ಹಿಂಬದಿಯಲ್ಲಿ ಕಾನೂನು ಮೀರಿ ಮಾರುವ ಪೊಟ್ಟಣಗಳ ಮೇಲೆ ಕಲ್ಯಾಣ ಕರ್ನಾಟಕದ ಹೆಂಗಸರಿಗೆ ಇರುವಷ್ಟು ಸಿಟ್ಟು ಬೇರೆ ಯಾವುದರ ಮೇಲೂ ಇಲ್ಲ. 2019ರ ಜನವರಿಯಲ್ಲಿ ಮದ್ಯನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದ ಸಾವಿರಾರು ಹೆಂಗಸರಲ್ಲಿ ಈ ಭಾಗದವರು ಬಹಳ ಮಂದಿ. ಸೇಂದಿಖಾನೆ ಊರ ಹೊರಗೆ, ಕಾಣುವಂತೆ ಇತ್ತು. ಗಂಡನನ್ನು ಎಳೆದು ತರಲು ಹೋಗುವ ದಾರಿ ಗೊತ್ತಿತ್ತು. ಈಗ ಅಂಗಡಿ ಯಾವ ಮನೆಯಲ್ಲಿದೆಯೆಂದು ಎಲ್ಲರಿಗೂ ಗೊತ್ತು, ಕಾಗದದಲ್ಲಿ ಮಾತ್ರ ಇಲ್ಲ. ಹಳೆಯ ಸೇಂದಿಖಾನೆಯನ್ನು ನೆನೆದು ನಿಟ್ಟುಸಿರು ಬಿಡುವ ಗಂಡಸರಿಗೆ, ಆ ಚಪ್ಪರಕ್ಕೂ ಹೆಂಗಸರ ದುಡಿಮೆಯ ಕಾಸೇ ಹೋಗುತ್ತಿತ್ತೆಂಬುದನ್ನು ನೆನಪು ಮಾಡಿಕೊಡಬೇಕು. ಹಾಗೆಂದು, ಎರಡೂ ಒಂದೇ ಎನ್ನಲು ನನಗೆ ಬಾಯಿ ಬಾರದು.

ಗಡಿಯ ಆಟ ಮಾತ್ರ ಮುಗಿದಿಲ್ಲ, ತಿರುಗಿ ಕುಳಿತಿದೆ. 1956ಕ್ಕೆ ಮೊದಲು ಗುರುಮಠಕಲ್ಲೂ ನಾರಾಯಣಪೇಟೆಯೂ ಒಂದೇ ಸಂಸ್ಥಾನದ ಊರುಗಳು. ಇಂದು ನಡುವೆ ರಾಜ್ಯದ ಗೆರೆಯಿದೆ. ಆಚೆ ತೆಲಂಗಾಣದಲ್ಲಿ ಸೇಂದಿ ಕಾಯಿದೆಬದ್ಧ, ಈಚೆ ಅಪರಾಧ. 1950ರಲ್ಲಿ ಬಿಜಾಪುರದವರಿಗೆ ಸುರಪುರ ಏನಾಗಿತ್ತೋ ಈಗ ಯಾದಗಿರಿಯವರಿಗೆ ಪೂರ್ವದ ಅಂಚು ಅದೇ ಆಗಿದೆ. ಈಚೆಗೆ ಕದ್ದು ಬರುವ ಸೇಂದಿಯಲ್ಲಿ ಮರದ ರಸ ಎಷ್ಟು, ಕ್ಲೋರಲ್ ಹೈಡ್ರೇಟಿನ ಪುಡಿ ಎಷ್ಟು ಎಂಬುದು ಆಬ್ಕಾರಿಯವರ ದಾಳಿಯಲ್ಲಿ ಸಿಕ್ಕಾಗಲಷ್ಟೇ ತಿಳಿಯುವುದು. ಮರ ಹತ್ತುವ ಹಕ್ಕನ್ನು ಮರಳಿ ಕೊಡಿರೆಂದು ಈಡಿಗರ ಸಂಘಗಳು ಕೇಳುತ್ತಲೇ ಇವೆ. ಕೊಟ್ಟರೂ ಹತ್ತುವವರು ಎಷ್ಟು ಮಂದಿ ಉಳಿದಿದ್ದಾರೆಂಬುದು ಬೇರೆ ಮಾತು. ಆ ಮನೆಗಳ ತರುಣರಲ್ಲಿ ಅನೇಕರು ಬೆಂಗಳೂರು, ಪುಣೆಗಳ ಕಟ್ಟಡಗಳಲ್ಲಿ ದುಡಿಯುತ್ತಿದ್ದಾರೆ, ಹಬ್ಬಕ್ಕೆ ಬಂದಾಗ ಯಾದಗಿರಿ ನಿಲ್ದಾಣದಲ್ಲಿ ಇಳಿದು ಮೊದಲು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ.